ಹಳೆ ಜೀಪಿನ ಹಿಂಬದಿ ಸದ್ದು: ಹೌಸಿಂಗ್ ಬಿಚ್ಚುವ ಮೊದಲು ಏನೇನು ನೋಡಬೇಕು?

ಸಕಲೇಶಪುರ, ಮೂಡಿಗೆರೆ, ಆಲ್ದೂರು ಕಡೆಯ ತೋಟಗಳಲ್ಲಿ ಇನ್ನೂ ದುಡಿಯುತ್ತಿರುವ ಹಳೆ ಫೋರ್ ವೀಲ್ ಜೀಪುಗಳ ಹಿಂಬದಿಯಲ್ಲಿ ಸದ್ದು ಎದ್ದರೆ ‘ಕ್ರೌನ್ ಹೋಗಿದೆ’ ಎಂಬ ತೀರ್ಪು ಮೊದಲು ಬರುತ್ತದೆ, ತನಿಖೆ ಆಮೇಲೆ. ಕ್ರೌನ್ ಎಂದರೆ ಹಿಂದಿನ ಆಕ್ಸಲಿನ ನಡುವಿನ ದೊಡ್ಡ ಹಲ್ಲುಚಕ್ರ, ಪಿನಿಯನ್ ಅದನ್ನು ತಿರುಗಿಸುವ ಚಿಕ್ಕದು, ಹೌಸಿಂಗ್ ಇವೆರಡರ ಲೋಹದ ಗೂಡು. ಹೌಸಿಂಗ್ ಬಿಚ್ಚಿ ಹೊಸ ಕ್ರೌನ್-ಪಿನಿಯನ್ ಕೂರಿಸಿದ ಮೇಲೂ ಸದ್ದು ಹಾಗೇ ಇರುತ್ತದೆ. ಕೊನೆಗೆ ಸಿಕ್ಕಿಬೀಳುವುದು ಗ್ರೀಸ್ ಕಾಣದ ಜಾಯಿಂಟ್ ಕ್ರಾಸೋ (ಶಾಫ್ಟಿನ ತುದಿಯ ಕೂಡುಗಂಟು), ಸಡಿಲಾದ ಹಬ್ (ಚಕ್ರದ ನಡುಭಾಗ) ನಟ್ಟೋ. ಇಲ್ಲಿ ತಪ್ಪುತ್ತಿರುವುದು ಕೆಲಸದ ಅನುಕ್ರಮ. ಡಿಫರೆನ್ಷಿಯಲ್ಲಿಗೆ, ಅಂದರೆ ಹೌಸಿಂಗಿನೊಳಗೆ ಎರಡು ಚಕ್ರಗಳನ್ನು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳಿಗೆ, ಕೈ ಹಾಕುವುದು ಕೊನೆಯ ಹಂತ. ಅದಕ್ಕೂ ಮೊದಲಿನ ಹಂತಗಳನ್ನು ಒಂದನ್ನೂ ಬಿಡದೆ, ಕೆಳಗಿರುವ ಕ್ರಮದಲ್ಲೇ ಮಾಡಿ.

ಇಲ್ಲಿನ ವಿವರ ವಿಲ್ಲಿಸ್ ವಂಶದ ಹಳೆ ಮಹೀಂದ್ರ ಜೀಪುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಬೇರೆ ಗಾಡಿಯಾದರೆ ಅಳತೆ ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ.

ಕೈಗೆ ಬೇಕಾದ ಸಾಮಾನು

ಗಟ್ಟಿ ಜಾಕಿ, ಎರಡು ಆಕ್ಸಲ್ ಸ್ಟ್ಯಾಂಡ್, ಚಕ್ರಕ್ಕೆ ಕೊಡಲು ಮರದ ಅಡೆ ಆರು, ಗ್ರೀಸ್ ಗನ್, ಟಾರ್ಚ್, ಸೀಮೆಸುಣ್ಣ, ಒಂದು ಅಯಸ್ಕಾಂತ, ಹಳೆ ಬಿಳಿ ಬಟ್ಟೆ, ಒಂದು ಮೀಟರ್ ರಬ್ಬರ್ ಪೈಪು, ಉದ್ದನೆಯ ಸ್ಕ್ರೂಡ್ರೈವರ್. ಹಬ್ ಬಿಚ್ಚುವ ಹಂತಕ್ಕೆ ಹೋದರೆ ಹಬ್ ಪುಲ್ಲರ್ (ಹಬ್ ಎಳೆದು ತೆಗೆಯುವ ಸಾಧನ), ಟಾರ್ಕ್ ರೆಂಚ್ (ಬಿಗಿ ಎಷ್ಟೆಂದು ತೋರಿಸುವ ಸ್ಪ್ಯಾನರ್), ಡಯಲ್ ಗೇಜ್ (ಕೂದಲೆಳೆಯಷ್ಟು ಆಟವನ್ನೂ ಅಳೆಯುವ ಮಾಪಕ) ಬೇಕು. ಇವನ್ನು ಕೊಳ್ಳಬೇಕಾಗಿಲ್ಲ, ಗುರುತಿನ ವರ್ಕ್‌ಶಾಪಿನಿಂದ ಒಂದು ದಿನಕ್ಕೆ ತಂದರೆ ಸಾಕು.

ಸ್ಟ್ಯಾಂಡ್ ಬದಲು ಸಿಲ್ವರ್ ಓಕ್ ದಿಮ್ಮಿ, ಸೈಜುಗಲ್ಲು ಇಡುವ ಅಭ್ಯಾಸ ಬಿಡಿ. ಇನ್ನೊಂದು ವಿಷಯ ಹಳೆ ಜೀಪಿನವರು ತಿಳಿದಿರಲೇಬೇಕು. ಹಳೆಯ ಮಾದರಿಗಳಲ್ಲಿ ಹ್ಯಾಂಡ್‌ಬ್ರೇಕ್ ಇರುವುದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಎಳೆತ ಹಂಚುವ ಪೆಟ್ಟಿಗೆ) ಹಿಂದಿನ ಡ್ರಮ್ಮಿನಲ್ಲಿ. ಅದು ಹಿಡಿಯುವುದು ಅಲ್ಲಿಂದ ಹಿಂದಿನ ಆಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು ಮಾತ್ರ. ಹಿಂದಿನ ಒಂದು ಚಕ್ರ ನೆಲ ಬಿಟ್ಟ ಕೂಡಲೇ ಡಿಫರೆನ್ಷಿಯಲ್ ಆ ಚಕ್ರವನ್ನು ಹಿಂದಕ್ಕೆ ತಿರುಗಲು ಬಿಟ್ಟು, ನೆಲದ ಮೇಲಿನ ಚಕ್ರವನ್ನು ಮುಂದಕ್ಕೆ ಉರುಳಿಸುತ್ತದೆ. ಅಂದರೆ ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಗಾಡಿ ಜಾಕಿಯಿಂದ ಜಾರುತ್ತದೆ. ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಟ್ಟ ಮೇಲೆಯೇ ಜಾಕಿ ಎತ್ತಿ.

ಹಂತ 1: ಸದ್ದು ಯಾವಾಗ ಬರುತ್ತದೆ?

‘ಗುಂಯ್ ಅಂತದೆ’, ‘ಕಟಕಟ ಅಂತದೆ’ ಎಂದು ಹೇಳಿದರೆ ಮೆಕ್ಯಾನಿಕ್‌ಗೆ ಅರ್ಧ ಮಾಹಿತಿ ಮಾತ್ರ ಸಿಕ್ಕಂತೆ. ಅದಕ್ಕಿಂತ ಮುಖ್ಯವಾದದ್ದು ಸದ್ದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎನ್ನುವುದು. ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಳ್ಳಿ: ಹೊರಡುವಾಗಲೋ, ಓಡುವಾಗಲೋ? ಆಕ್ಸಲರೇಟರ್ ಒತ್ತಿದಾಗಲೋ, ಬಿಟ್ಟಾಗಲೋ? ನೇರ ರಸ್ತೆಯಲ್ಲೋ, ತಿರುವಿನಲ್ಲೋ? ಖಾಲಿ ಗಾಡಿಯಲ್ಲೋ, ಕಾಫಿ ಮೂಟೆ ಹೇರಿದಾಗಲೋ? ತಣ್ಣಗಿರುವಾಗಲೋ, ಹತ್ತು ಕಿಲೋಮೀಟರ್ ಓಡಿದ ಮೇಲೋ?

ಈ ಚೀಟಿಯಿಲ್ಲದೆ ಗ್ಯಾರೇಜಿಗೆ ಹೋದರೆ ಬೇಡದ ಭಾಗವೂ ಬಿಲ್ಲಿಗೆ ಸೇರುತ್ತದೆ.

ಹಂತ 2: ಟಯರು, ಸಾಮಾನು, ಫೋರ್ ವೀಲ್ ಲಿವರ್

ಹಿಂದಿನ ಹಾರೆ, ಗುದ್ದಲಿ, ಜಾಕಿ, ಸರಪಳಿ, ಖಾಲಿ ಕ್ಯಾನು ಎಲ್ಲ ಕೆಳಗಿಳಿಸಿ. ಸ್ಟೆಪ್ನಿ ಬ್ರಾಕೆಟ್, ಹಿಂಬಾಗಿಲಿನ ಕೊಂಡಿ, ಟ್ರೇಲರ್ ಹುಕ್, ಸೈಲೆನ್ಸರ್ ಪೈಪಿನ ನೇತುಪಟ್ಟಿ ಕೈಯಲ್ಲಿ ಅಲ್ಲಾಡಿಸಿ ನೋಡಿ. ಎಷ್ಟೋ ‘ಹೌಸಿಂಗ್ ಸದ್ದು’ ಇಲ್ಲೇ ಮುಗಿದುಹೋಗುತ್ತದೆ.

ದಪ್ಪ ಹಲ್ಲಿನ ಕೆಸರಿನ ಟಯರು ಟಾರು ರಸ್ತೆಯಲ್ಲಿ ಗುಂಯ್‌ಗುಡುವುದು ಸಹಜ. ಪರೀಕ್ಷೆ ಸುಲಭ. ಅದೇ ವೇಗದಲ್ಲಿ ನುಣುಪು ಟಾರಿನಿಂದ ಒರಟು ಟಾರಿಗೆ ಹೋದಾಗ ಸದ್ದಿನ ಸ್ವರ ಬದಲಾದರೆ ಅದು ಟಯರಿನದು. ಗೇರಿನ ಸದ್ದಿಗೆ ರಸ್ತೆ ಯಾವುದಾದರೂ ಒಂದೇ.

ಫೋರ್ ವೀಲ್ ಲಿವರ್ ಟೂ ವೀಲ್‌ಗೆ ಪೂರ್ತಿ ಬಂದಿದೆಯೇ? ತೋಟದ ಕೆಸರಿನಿಂದ ಟಾರಿಗೆ ಬಂದ ಮೇಲೂ ಫೋರ್ ವೀಲ್‌ನಲ್ಲೇ ಓಡಿಸಿದರೆ ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವೆ ಬಿಗಿತ ಕೂಡಿಕೊಂಡು ತಿರುವಿನಲ್ಲಿ ‘ಢಣ್’ ಎನ್ನುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ, ಲಿವರ್ ಸಿಕ್ಕಿಕೊಳ್ಳುತ್ತದೆ. ನಾಲ್ಕಾರು ಮೀಟರ್ ನೇರವಾಗಿ ರಿವರ್ಸ್ ಹೋದರೆ ಬಿಗಿತ ಬಿಡುತ್ತದೆ. ಇದು ಹಾಳಾದ ಭಾಗದ ಸದ್ದಲ್ಲ. ಹೀಗೇ ಓಡಿಸುತ್ತಿದ್ದರೆ ಮಾತ್ರ ಒಂದು ದಿನ ಭಾಗವೂ ಹಾಳಾಗುತ್ತದೆ.

ಹಂತ 3: ರಸ್ತೆಯ ಪರೀಕ್ಷೆ

ಸಮತಟ್ಟಾದ, ನುಣುಪಾದ ರಸ್ತೆ ಬೇಕು. ಚಿಕ್ಕಮಗಳೂರಿನವರಿಗೆ ಕಡೂರು ಕಡೆಯ ರಸ್ತೆ, ಹಾಸನದವರಿಗೆ ಚನ್ನರಾಯಪಟ್ಟಣದ ಕಡೆಯ ಹೆದ್ದಾರಿ ಆಗುತ್ತದೆ, ಅದೂ ಬೆಳಗಿನ ಜಾವ. ಚಾರ್ಮಾಡಿ, ಶಿರಾಡಿ, ಮುಳ್ಳಯ್ಯನಗಿರಿ ರಸ್ತೆಗಳಲ್ಲಿ ಈ ಪರೀಕ್ಷೆ ಬೇಡವೇ ಬೇಡ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಎಂಜಿನ್ನಿನ ತಡೆ ಹೋಗಿ ಇಡೀ ಭಾರ ಹಳೆಯ ಡ್ರಮ್ ಬ್ರೇಕಿನ ಮೇಲೆ ಬೀಳುತ್ತದೆ.

ಮೊದಲು ಗಾಡಿ ನಿಂತಲ್ಲೇ ಎಂಜಿನ್ ಏರಿಸಿ ಕೇಳಿ. ಅದೇ ಸದ್ದು ಬಂದರೆ ಅದು ಹಿಂಬದಿಯದಲ್ಲ. ಆಮೇಲೆ 30, 40, 50 ಕಿ.ಮೀ. ವೇಗದಲ್ಲಿ ಒಂದೊಂದಕ್ಕೂ ನಾಲ್ಕು ಸ್ಥಿತಿಯಲ್ಲಿ ಕೇಳಿ:

1. ಎಳೆತ: ಆಕ್ಸಲರೇಟರ್ ಒತ್ತಿ ವೇಗ ಏರುತ್ತಿರುವಾಗ. ಇಲ್ಲಿ ಮಾತ್ರ ಸ್ವರ ಹಿಡಿದ ‘ಗುಂಯ್’ ಬಂದರೆ ಕ್ರೌನ್-ಪಿನಿಯನ್ ಹಲ್ಲಿನ ಸವೆತ ಅಥವಾ ತಪ್ಪು ಸೆಟ್ಟಿಂಗಿನ ಅನುಮಾನ.

2. ಬಿಟ್ಟ ಓಟ: ಗೇರಿನಲ್ಲೇ ಇದ್ದು ಆಕ್ಸಲರೇಟರ್ ಪೂರ್ತಿ ಬಿಟ್ಟಾಗ. ಇಲ್ಲಿ ಗೊರಗೊರ ಎಂದು ಜೋರಾದರೆ ಪಿನಿಯನ್ ಬೇರಿಂಗಿನ ಬಿಗಿ ಹೋಗಿರುವುದು, ಪಿನಿಯನ್ ನಟ್ ಸಡಿಲಾಗಿರುವುದು ಮೊದಲ ಅನುಮಾನ.

3. ತೇಲುವ ಓಟ: ಎಳೆತವೂ ಇಲ್ಲ, ತಡೆಯೂ ಇಲ್ಲ ಎನ್ನುವಷ್ಟು ಮಾತ್ರ ಕಾಲಿಟ್ಟು. ಇಲ್ಲಿ ಕಟಕಟ ಎಂದರೆ ಎಲ್ಲೋ ಪ್ಲೇ (ಸಡಿಲ ಆಟ) ಹೆಚ್ಚಾಗಿದೆ.

4. ನ್ಯೂಟ್ರಲ್: ಸಮತಟ್ಟಿನಲ್ಲಿ ಮಾತ್ರ. ಎಳೆತ-ತಡೆ ಎರಡಕ್ಕೂ ಬದಲಾಗದೆ ಇಲ್ಲೂ ಅದೇ ಗರಗರ ಮುಂದುವರಿದರೆ ಹಬ್ ಬೇರಿಂಗ್, ಡಿಫರೆನ್ಷಿಯಲ್ಲಿನ ಸೈಡ್ ಬೇರಿಂಗ್ ಅಥವಾ ಟಯರು.

ಕೊನೆಗೆ ಖಾಲಿ ಕಣದಲ್ಲೋ ಮೈದಾನದಲ್ಲೋ ನಿಧಾನವಾಗಿ ಎಡಕ್ಕೊಂದು, ಬಲಕ್ಕೊಂದು ಸುತ್ತು ಹಾಕಿ. ಎರಡೂ ಕಡೆಯ ತಿರುವಿನಲ್ಲಿ ಮಾತ್ರ ಸದ್ದು ಬಂದು ನೇರದಲ್ಲಿ ನಿಂತರೆ ಡಿಫರೆನ್ಷಿಯಲ್ ಒಳಗಿನ ಪುಟ್ಟ ಗೇರುಗಳಾದ ಸ್ಟಾರ್ ಪಿನಿಯನ್, ಅದರ ಪಿನ್ನು, ವಾಷರ್ ನೋಡಬೇಕು. ಒಂದೇ ಕಡೆಯ ತಿರುವಿನಲ್ಲಿ ಹೆಚ್ಚಾದರೆ ಹಬ್ ಬೇರಿಂಗ್.

ಹಳೆ ಜೀಪಿನ ತಗಡಿನ ಮೈ ಸದ್ದನ್ನು ಎಲ್ಲಿಂದ ಎಲ್ಲಿಗೋ ಸಾಗಿಸುತ್ತದೆ. ಸೀಟಿನ ಕೆಳಗಿನ ಟ್ರಾನ್ಸ್‌ಫರ್ ಕೇಸಿನ ಕೂಗನ್ನು ‘ಹಿಂದಿನಿಂದ ಬರ್ತಿದೆ’ ಎಂದುಕೊಳ್ಳುವುದು ತೀರಾ ಸಾಮಾನ್ಯ. ಗೇರ್ ಲಿವರ್, ಫೋರ್ ವೀಲ್ ಲಿವರ್ ಮೇಲೆ ಅಂಗೈ ಇಡಿ. ಸದ್ದಿನ ತಾಳಕ್ಕೆ ಲಿವರ್ ಜುಮ್ಮೆನ್ನುತ್ತಿದ್ದರೆ ಮೂಲ ಅಲ್ಲೇ ಇದೆ.

ಹಂತ 4: ಸುತ್ತು ಎಣಿಸಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಇದಕ್ಕೆ ಬೇಕಾದದ್ದು ಸೀಮೆಸುಣ್ಣ ಮಾತ್ರ.

ಪ್ರೊಪೆಲ್ಲರ್ ಶಾಫ್ಟ್ ಚಕ್ರಕ್ಕಿಂತ ಹಲವು ಪಟ್ಟು ವೇಗವಾಗಿ ತಿರುಗುತ್ತದೆ. ವಿಲ್ಲಿಸ್ ವಂಶದ ಹಳೆಯ ಸಿಜೆ ಮಾದರಿಗಳ ಕ್ರೌನಿನಲ್ಲಿ 43 ಹಲ್ಲು, ಪಿನಿಯನ್ನಿನಲ್ಲಿ 8. ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟಿನ ಸುಮಾರು 5.38 ಸುತ್ತು. ನಿಮ್ಮ ಜೀಪಿನದು ಎಷ್ಟೆಂದು ತಿಳಿಯಲು ಹಿಂದಿನ ಒಂದು ಚಕ್ರ ಮಾತ್ರ ಎತ್ತಿ, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಡಿ. ನೆಲದ ಮೇಲಿನ ಮೂರೂ ಚಕ್ರಕ್ಕೆ ಅಡೆ ಇರಲೇಬೇಕು. ಟಯರಿಗೂ ಶಾಫ್ಟಿಗೂ ಸೀಮೆಸುಣ್ಣದ ಗೀಟು ಎಳೆದು, ಎತ್ತಿದ ಚಕ್ರವನ್ನು ಕೈಯಲ್ಲಿ ಸರಿಯಾಗಿ ಎರಡು ಸುತ್ತು ತಿರುಗಿಸಿ. ಅಷ್ಟರಲ್ಲಿ ಶಾಫ್ಟ್ ಎಷ್ಟು ಸುತ್ತು ಹಾಕಿತೋ ಅದೇ ನಿಮ್ಮ ಅನುಪಾತ. ಎರಡು ಸುತ್ತು ಏಕೆಂದರೆ ಇನ್ನೊಂದು ಚಕ್ರ ನಿಂತಿರುವಾಗ ಎತ್ತಿದ ಚಕ್ರ ದುಪ್ಪಟ್ಟು ತಿರುಗುತ್ತದೆ.

ಈಗ ನಡಿಗೆಯ ವೇಗದಲ್ಲಿ ಇನ್ನೊಬ್ಬರು ಗಾಡಿ ಓಡಿಸಲಿ, ನೀವು ಪಕ್ಕದಲ್ಲಿ, ಚಕ್ರದಿಂದ ಎರಡು ಮಾರು ದೂರದಲ್ಲಿ ನಡೆಯಿರಿ. 6.00-16 ಟಯರಿನ ಸುತ್ತಳತೆ ಸುಮಾರು ಎರಡೂಕಾಲು ಮೀಟರ್. ಗಂಟೆಗೆ 5 ಕಿ.ಮೀ. ವೇಗದಲ್ಲಿ ಹತ್ತು ಸೆಕೆಂಡಿಗೆ ಚಕ್ರ ಆರು ಸುತ್ತು, ಶಾಫ್ಟ್ ಮೂವತ್ತಕ್ಕೂ ಹೆಚ್ಚು ಸುತ್ತು ಹಾಕುತ್ತವೆ. ಟಯರಿನ ಗೀಟು ಕೆಳಗೆ ಬಂದಾಗಲೆಲ್ಲ ಒಂದು ‘ಟಕ್’ ಕೇಳಿದರೆ ದೋಷ ಚಕ್ರದ ವೇಗದಲ್ಲಿ ತಿರುಗುವ ಭಾಗದ್ದು: ಬ್ರೇಕ್ ಡ್ರಮ್, ಹಬ್, ಆಕ್ಸಲ್, ಮುರಿದ ಕ್ರೌನ್ ಹಲ್ಲು, ಟಯರಿನ ಉಬ್ಬು. ಒಂದು ಸುತ್ತಿಗೆ ಐದಾರು ಸಲ ‘ಕಿಚಿಕಿಚಿ’ ಬಂದರೆ ಶಾಫ್ಟಿನ ಕ್ರಾಸು, ಪಿನಿಯನ್. ಈ ಒಂದು ಎಣಿಕೆಯಲ್ಲಿ ಅನುಮಾನದ ಪಟ್ಟಿ ಅರ್ಧಕ್ಕೆ ಇಳಿಯುತ್ತದೆ.

ಹಂತ 5: ಪ್ರೊಪೆಲ್ಲರ್ ಶಾಫ್ಟ್ ಮತ್ತು ಜಾಯಿಂಟ್ ಕ್ರಾಸ್

ಎಂಜಿನ್ ಆಫ್ ಮಾಡಿ, ಚಕ್ರಕ್ಕೆ ಅಡೆ ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ ಕೆಳಗೆ ಹೋಗಿ. ಕ್ರಾಸಿನ ಒಂದು ಬದಿಯ ಯೋಕನ್ನು (ಕ್ರಾಸನ್ನು ಹಿಡಿದಿರುವ ಕವಲು) ಎಡಗೈಯಲ್ಲಿ, ಇನ್ನೊಂದು ಬದಿಯದನ್ನು ಬಲಗೈಯಲ್ಲಿ ಹಿಡಿದು ವಿರುದ್ಧ ದಿಕ್ಕಿಗೆ ತಿರುಚಿ. ಕಣ್ಣಿಗೆ ಕಾಣುವ ಪ್ಲೇ ಇರಲೇಬಾರದು. ಶಾಫ್ಟನ್ನು ಮೇಲೆ ಕೆಳಗೆ ಎತ್ತಿಯೂ ನೋಡಿ.

ಕ್ರಾಸಿನ ಕ್ಯಾಪಿನ ಸುತ್ತ ಇಟ್ಟಿಗೆ ಪುಡಿಯಂಥ ಕೆಂಪು ಧೂಳು ಕಂಡರೆ ಒಳಗಿನ ಸೂಜಿ ಬೇರಿಂಗ್ ಒಣಗಿ ತುಕ್ಕು ಹಿಡಿದು ಅರೆಯುತ್ತಿದೆ ಎಂದರ್ಥ. ಆಮೇಲೆ ಗ್ರೀಸ್ ಹೊಡೆದು ಪ್ರಯೋಜನವಿಲ್ಲ, ಕ್ರಾಸ್ ಬದಲಿಸಿ. ಧೂಳಿಲ್ಲದಿದ್ದರೆ ಗ್ರೀಸ್ ಹೊಡೆದು ನಾಲ್ಕೂ ಕ್ಯಾಪಿನಿಂದ ಹೊಸ ಗ್ರೀಸ್ ಹೊರಬರುತ್ತದೆಯೇ ನೋಡಿ. ಮೂರರಲ್ಲಿ ಬಂದು ಒಂದರಲ್ಲಿ ಬಾರದಿದ್ದರೆ ಆ ಒಂದು ತೋಳು ಒಣಗಿಯೇ ಇದೆ, ಮುಂದಿನ ಮಳೆಗಾಲದೊಳಗೆ ಅದು ಕೈಕೊಡುತ್ತದೆ. ಶಾಫ್ಟಿನ ಉದ್ದ ಹೆಚ್ಚು ಕಡಿಮೆಯಾಗಲು ಜಾರುವ ಸ್ಲಿಪ್ ಜಾಯಿಂಟಿನ ಗ್ರೀಸ್ ನಿಪ್ಪಲ್ಲಿಗೆ ಕೆಸರು ಮೆತ್ತಿರುವುದರಿಂದ ಅದನ್ನು ಮರೆಯುವವರೇ ಹೆಚ್ಚು.

ಸ್ಲಿಪ್ ಜಾಯಿಂಟ್ ಬಿಚ್ಚುವುದಾದರೆ ಮೊದಲು ಎರಡೂ ಕಡೆಗೆ ಗೀಟು ಹಾಕಿ. ಶಾಫ್ಟಿನ ಎರಡು ತುದಿಯ ಯೋಕ್ ಕಿವಿಗಳು ಒಂದೇ ಸಾಲಿನಲ್ಲಿರಬೇಕು. ಅಡ್ಡಡ್ಡ ಜೋಡಿಸಿದರೆ ಹೊಸ ಕ್ರಾಸ್ ಹಾಕಿದ ಮೇಲೂ ಗಾಡಿ ನಡುಗುತ್ತದೆ, ಗುಂಯ್‌ಗುಡುತ್ತದೆ. ‘ಕ್ರಾಸ್ ಬದಲಿಸಿದ ಮೇಲೆ ಸದ್ದು ಜಾಸ್ತಿಯಾಯ್ತು’ ಎನ್ನುವ ದೂರಿನ ಹಿಂದೆ ಬಹಳ ಸಲ ಇರುವುದು ಇದೇ.

ಒಂದು ಒಳ್ಳೆಯ ಪರೀಕ್ಷೆ: ಹಿಂದಿನ ಶಾಫ್ಟ್ ಪೂರ್ತಿ ಕಳಚಿ, ಮುಂದಿನ ಆಕ್ಸಲಿನ ಎಳೆತದಲ್ಲೇ ಮಣ್ಣಿನ ಸಮತಟ್ಟು ದಾರಿಯಲ್ಲಿ ನಿಧಾನವಾಗಿ ನೂರು ಮೀಟರ್ ಹೋಗಿ. ಹ್ಯಾಂಡ್‌ಬ್ರೇಕ್ ಶಾಫ್ಟಿನ ಮೇಲಿದ್ದರೆ ಅದು ಈಗ ಹಿಂದಿನ ಚಕ್ರ ಹಿಡಿಯುವುದಿಲ್ಲ, ಎಚ್ಚರ. ಸದ್ದು ಹೋದರೆ ಶಾಫ್ಟ್ ಅಥವಾ ಎಳೆತದ ಭಾರ ಬೀಳುವ ಗೇರು. ಸದ್ದು ಉಳಿದರೆ ಹಬ್, ಬ್ರೇಕ್, ಬೇರಿಂಗ್ ಕಡೆಗೆ ಹೋಗಿ.

ಹಂತ 6: ಕಮಾನು ಪಟ್ಟಿ ಮತ್ತು ಬ್ರೇಕು

ಗುಂಡಿಗೆ ಇಳಿದಾಗ ಮಾತ್ರ ‘ಕಿರ್‌ಕಿರ್’, ‘ಢಬ್’ ಎಂದರೆ ಕಮಾನಿನದು. ಶ್ಯಾಕಲ್ ಬುಷ್, ಯು ಬೋಲ್ಟ್ ಬಿಗಿ, ಮುರಿದ ಪಟ್ಟಿ ನೋಡಿ. ಪಟ್ಟಿಗಳನ್ನು ಪೋಣಿಸಿದ ನಡುಬೋಲ್ಟ್ ತುಂಡಾದರೆ ಆಕ್ಸಲ್ ಹಿಂದೆ ಮುಂದೆ ಸರಿಯುತ್ತದೆ. ಎರಡೂ ಬದಿಯಲ್ಲಿ ಕಮಾನಿನ ಮುಂದಿನ ಪಿನ್ನಿನಿಂದ ಆಕ್ಸಲ್‌ವರೆಗೆ ಟೇಪಿನಲ್ಲಿ ಅಳೆಯಿರಿ. ವ್ಯತ್ಯಾಸ ಕಂಡರೆ ಕಾರಣ ಸಿಕ್ಕಿತು.

ಬ್ರೇಕ್ ಮುಟ್ಟಿದ ಕೂಡಲೇ ಸದ್ದು ಬದಲಾದರೆ ಡ್ರಮ್ ತೆರೆಯಿರಿ. ಸವೆದ ಲೈನರಿನ ರಿವೆಟ್, ಕಳಚಿದ ಸ್ಪ್ರಿಂಗ್, ಹೊಳೆ ದಾಟುವಾಗ ಒಳಹೊಕ್ಕ ಮರಳು, ಈ ಮೂರರಲ್ಲೊಂದು ಇರುತ್ತದೆ.

ಹಂತ 7: ಹಬ್, ಕೀ, ಆಕ್ಸಲ್

ಚಕ್ರದ ನಡುವೆ ಸ್ಪ್ಲಿಟ್ ಪಿನ್ ಹಾಕಿದ ದೊಡ್ಡ ನಟ್ ಕಾಣುತ್ತಿದ್ದರೆ ನಿಮ್ಮದು ಓರೆ ಆಕ್ಸಲ್. ಅಂದರೆ ಆಕ್ಸಲಿನ ತುದಿ ಕೋನಾಕಾರವಾಗಿದ್ದು, ಹಬ್ ಅದರ ಮೇಲೆ ಬಿಗಿದು ಕೂತಿರುತ್ತದೆ, ಜೊತೆಗೊಂದು ಕೀ. ಹೊರಡುವಾಗ ಒಂದು ‘ಟಕ್’, ರಿವರ್ಸ್ ಹಾಕಿದಾಗ ಇನ್ನೊಂದು ‘ಟಕ್’, ನಡುವೆ ಮೌನ. ಇದು ನಟ್ ಸಡಿಲಾಗಿ ಕೀ ಸವೆದಿರುವುದರ ಗುರುತು. ಹಾಗೇ ಬಿಟ್ಟರೆ ಕೀ ತಾನು ಕೂರುವ ಕೊರಕಲನ್ನು ತಿಂದು ಆಕ್ಸಲ್ ಅಲ್ಲೇ ತುಂಡಾಗುತ್ತದೆ, ಹಬ್ಬಿನ ಸಮೇತ ಚಕ್ರವೇ ಕಳಚಿಕೊಳ್ಳುತ್ತದೆ. ಮೇಲೆ ಹೇಳಿದ ಯಾವ ದೋಷವೂ ಇಷ್ಟು ಅಪಾಯದ್ದಲ್ಲ.

ಪರೀಕ್ಷೆ ಹೀಗೆ: ಸ್ಪ್ಲಿಟ್ ಪಿನ್ ತೆಗೆದು, ನಟ್ಟನ್ನು ಟಾರ್ಕ್ ರೆಂಚಿನಲ್ಲಿ ಬಿಗಿಯುವ ದಿಕ್ಕಿಗೆ ತಿರುಗಿಸಿ ನೋಡಿ. 150 ಅಡಿ-ಪೌಂಡ್‌ಗೆ, ಅಂದರೆ ಸುಮಾರು 200 ನ್ಯೂಟನ್ ಮೀಟರ್‌ಗೆ ಮುಂಚೆಯೇ ನಟ್ ತಿರುಗಿದರೆ ಅದು ಸಡಿಲಾಗಿತ್ತು. ಹಾಗೆಂದು ಬಿಗಿದು ಸುಮ್ಮನಾಗಬೇಡಿ. ಹಬ್ ತೆಗೆದು ಕೀ, ಕೀ ಕೂರುವ ಕೊರಕಲು, ಅದರ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು ಇದೆಯೇ ನೋಡಲೇಬೇಕು.

ಹಬ್ ಪುಲ್ಲರಿನಲ್ಲೇ ತೆಗೆಯಿರಿ. ಆಕ್ಸಲಿನ ತುದಿಗೆ ಸುತ್ತಿಗೆ ಬಡಿದರೆ ಮರೆ (ಥ್ರೆಡ್) ಕೆಡುತ್ತದೆ, ಏಟು ಒಳಗಿನ ಬೇರಿಂಗಿಗೂ ತಾಕುತ್ತದೆ. ಒಂದು ಸದ್ದು ಹುಡುಕಲು ಹೋಗಿ ಎರಡು ತಂದುಕೊಂಡಂತೆ. ಮರಳಿ ಕೂರಿಸುವಾಗ ಓರೆ ಭಾಗಕ್ಕೆ ಗ್ರೀಸ್, ಎಣ್ಣೆ ಯಾವುದೂ ಬೇಡ, ಒರೆಸಿ ಒಣಗಿಸಿ. ಸ್ಪ್ಲಿಟ್ ಪಿನ್ನಿನ ತೂತು ಸರಿಯಾಗಿ ಬಾರದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿದು ಸರಿಮಾಡಿ. ಹಿಂದಕ್ಕೆ ಸಡಿಲಿಸುವಂತಿಲ್ಲ.

ಚಕ್ರ ಎತ್ತಿ ಟಯರಿನ ಮೇಲ್ತುದಿ, ಕೆಳತುದಿ ಹಿಡಿದು ಅಲ್ಲಾಡಿಸಿ, ಆಮೇಲೆ ಒಳಕ್ಕೆ ಹೊರಕ್ಕೆ ಎಳೆದು ತಳ್ಳಿ. ಒಳ-ಹೊರ ಆಟ ಡಯಲ್ ಗೇಜಿನಲ್ಲಿ 0.03ರಿಂದ 0.15 ಮಿ.ಮೀ. ಒಳಗಿರಬೇಕು. ಕೈಗೆ ‘ಕಟಕ್’ ಎಂದು ಗೊತ್ತಾಗುವಷ್ಟು ಇದ್ದರೆ ಬೇರಿಂಗ್ ಸವೆದಿದೆ ಅಥವಾ ಶಿಮ್ (ಆಟ ಸರಿಹೊಂದಿಸುವ ತೆಳು ಬಿಲ್ಲೆ) ಹೊಂದಾಣಿಕೆ ತಪ್ಪಿದೆ. ಬಿಚ್ಚಿದಾಗ ಶಿಮ್ಮುಗಳನ್ನು ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ತಂತಿಯಲ್ಲಿ ಪೋಣಿಸಿಡಿ.

ಹಂತ 8: ಎಣ್ಣೆ ಹೇಳುವ ಸಾಕ್ಷಿ

ಮೊದಲು ಮೇಲಿನ ತುಂಬುವ ಪ್ಲಗ್ ಬಿಚ್ಚಿ, ಅದು ಬಿಚ್ಚಿಕೊಂಡ ಮೇಲೆಯೇ ಕೆಳಗಿನ ಪ್ಲಗ್ಗಿಗೆ ಕೈ ಹಾಕಿ. ಎಣ್ಣೆ ಸುರಿದ ಮೇಲೆ ಮೇಲಿನ ಪ್ಲಗ್ ಜಾಮ್ ಆಗಿದೆ ಎಂದು ಗೊತ್ತಾದರೆ ಗಾಡಿ ಅಲ್ಲೇ ಉಳಿಯುತ್ತದೆ. ಕೆಳಗೆ ಪ್ಲಗ್ ಇಲ್ಲದ ಹೌಸಿಂಗ್ ಆದರೆ ಹಿಂದಿನ ಕವರ್ ಬಿಚ್ಚಬೇಕು, ಗ್ಯಾಸ್ಕೆಟ್ ಮೊದಲೇ ತಂದಿಟ್ಟುಕೊಳ್ಳಿ.

ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಬಿಡಿ, ಬೆರಳಲ್ಲಿ ಉಜ್ಜಿ, ಅಯಸ್ಕಾಂತ ಆಡಿಸಿ. ಅಯಸ್ಕಾಂತಕ್ಕೆ ನುಣ್ಣನೆಯ ಬೂದು ಲೇಪ ಹತ್ತಿದರೆ ಚಿಂತೆಯಿಲ್ಲ, ಹಳೆ ಗಾಡಿಗೆ ಅದು ಸಹಜ. ಬೆಳಕಿಗೆ ಮಿನುಗುವ ಚಕ್ಕೆ ಕಂಡರೆ ಬೇರಿಂಗ್ ಮೇಲ್ಮೈ ಕಿತ್ತುಬರುತ್ತಿದೆ. ಮೂಲೆಯುಳ್ಳ ಚೂರು ಸಿಕ್ಕರೆ ಅದು ಹಲ್ಲು, ಗಾಡಿಯನ್ನು ಇನ್ನೊಂದು ಮೀಟರ್ ಕೂಡ ಓಡಿಸಬೇಡಿ.

ಎಣ್ಣೆ ಡಿಕಾಕ್ಷನ್‌ಗೆ ಹಾಲು ಬೆರೆಸಿದ ಬಣ್ಣದಲ್ಲಿದ್ದರೆ ನೀರು ಸೇರಿದೆ. ಮಲೆನಾಡಿನಲ್ಲಿ ಇದರ ದಾರಿ ನಿಗದಿತ: ಆಕ್ಸಲಿನ ಮೇಲಿನ ಬ್ರೀದರ್ (ಗಾಳಿಯಾಡುವ ತೂತು) ಮುಚ್ಚಿಹೋಗಿರುತ್ತದೆ, ಕೆಸರಿನಿಂದಲೋ, ಕಣಜ ಕಟ್ಟಿದ ಮಣ್ಣಿನ ಗೂಡಿನಿಂದಲೋ. ಬಿಸಿಯಾದ ಹೌಸಿಂಗ್ ತಣ್ಣನೆಯ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರಿನಿಂದ ಗಾಳಿ ಬಾರದೆ ಸೀಲಿನ ಅಂಚಿನಿಂದ ನೀರನ್ನೇ ಹೀರುತ್ತದೆ. ಎಣ್ಣೆ ಮಾತ್ರ ಬದಲಿಸಿ ಬ್ರೀದರ್ ಬಿಟ್ಟರೆ ಬರುವ ಜುಲೈಯಲ್ಲಿ ಮತ್ತದೇ ಹಾಲು. ಬ್ರೀದರ್ ಬಿಚ್ಚಿ ಬಾಯಲ್ಲಿ ಊದಿ ನೋಡಿ. ರಬ್ಬರ್ ಪೈಪು ಜೋಡಿಸಿ ಬಾಡಿಯ ಎತ್ತರಕ್ಕೆ ಒಯ್ದರೆ ಇನ್ನೂ ಒಳ್ಳೆಯದು.

ಈ ಹೈಪಾಯ್ಡ್ ಗೇರಿಗೆ (ಪಿನಿಯನ್ ಕ್ರೌನಿನ ನಡುಗೆರೆಯಿಂದ ಸರಿದು ಕೂರುವ ಬಗೆ) ಜಿಎಲ್-5 ದರ್ಜೆಯ 80ಡಬ್ಲ್ಯು-90 ಎಣ್ಣೆ, ತುಂಬುವ ತೂತಿನ ಕೆಳ ಅಂಚಿಗೆ ಬರುವಷ್ಟು. ಉಳಿಯಿತೆಂದು ಅದನ್ನೇ ಗೇರ್‌ಬಾಕ್ಸಿಗೆ ಸುರಿಯಬೇಡಿ, ಅಲ್ಲಿನ ಹಿತ್ತಾಳೆ ಭಾಗಗಳಿಗೆ ಜಿಎಲ್-4 ಹಿತ.

ಹಳೆ ಜೀಪು ಈಗಷ್ಟೇ ಕೊಂಡವರಿಗೆ ಒಂದು ಮಾತು. ಎಣ್ಣೆಯ ಜೊತೆ ಮರದ ಪುಡಿಯೋ ಬಾಳೆಸಿಪ್ಪೆಯ ನಾರೋ ಬಂದರೆ ಆಶ್ಚರ್ಯಪಡಬೇಡಿ. ಸವೆದ ಕ್ರೌನಿನ ಕೂಗು ಅಡಗಿಸಲು ಮಾರುವವರು ಮಾಡುವ ಹಳೆಯ ಉಪಾಯ ಅದು. ಅಂಥ ಹೌಸಿಂಗನ್ನು ಪೂರ್ತಿ ತೊಳೆದ ಮೇಲೆಯೇ ಅದರ ನಿಜವಾದ ಸದ್ದು ಕೇಳಲು ಸಾಧ್ಯ.

ಹಂತ 9: ಸ್ಟ್ಯಾಂಡ್ ಮೇಲೆ ಆಲಿಸುವುದು

ಹಿಂದಿನ ಎರಡೂ ಚಕ್ರ ಎತ್ತಿ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಡಿ. ಲಿವರ್ ಟೂ ವೀಲ್‌ನಲ್ಲಿದೆಯೇ ಎಂದು ಎರಡು ಸಲ ನೋಡಿ. ಫೋರ್ ವೀಲ್‌ನಲ್ಲಿದ್ದರೆ ಮುಂದಿನ ಚಕ್ರಗಳು ಗಾಡಿಯನ್ನು ಸ್ಟ್ಯಾಂಡಿನಿಂದ ಎಳೆದು ಕೆಡವುತ್ತವೆ. ಒಬ್ಬರು ಸೀಟಿನಲ್ಲಿ ಕೂತು ಎರಡನೇ ಗೇರಿನಲ್ಲಿ ಐಡ್ಲಿಂಗಿಗಿಂತ ತುಸು ಹೆಚ್ಚಿಗೆ ಓಡಿಸಲಿ. ಲುಂಗಿ, ಟವೆಲ್, ಸಡಿಲ ತೋಳು ಶಾಫ್ಟಿನ ಹತ್ತಿರ ಸುಳಿಯಬಾರದು. ಗಾಡಿಯ ಕೆಳಗೆ ಮಲಗಬೇಡಿ, ಬದಿಯಿಂದಲೇ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಪಿನಿಯನ್ ಮೂತಿಯ (ಶಾಫ್ಟ್ ಬಂದು ಸೇರುವ ಹೌಸಿಂಗಿನ ಮುಂಭಾಗ) ಹತ್ತಿರ, ಆಮೇಲೆ ಹೌಸಿಂಗಿನ ಎಡ, ಬಲ, ಕೊನೆಗೆ ಎರಡು ಹಬ್. ಚಕ್ರ ನಿಲ್ಲಿಸಿ ಜಾಗ ಬದಲಿಸಿ.

ಭಾರವಿಲ್ಲದೆ ತಿರುಗುವಾಗ ಹಲ್ಲಿನ ಕೂಗು ಮಾಯವಾಗಬಹುದು, ಬೇರಿಂಗಿನ ಗರಗರ ಉಳಿಯುತ್ತದೆ. ರಸ್ತೆಯಲ್ಲಿದ್ದ ಸದ್ದು ಇಲ್ಲಿ ಇಲ್ಲವಾದರೆ ‘ಸರಿಹೋಯ್ತು’ ಎಂದುಕೊಳ್ಳಬೇಡಿ. ಅದು ಹಲ್ಲಿನ ಕಡೆ ಬೊಟ್ಟು ಮಾಡುತ್ತಿದೆ.

ಎಂಜಿನ್ ನಿಲ್ಲಿಸಿದ ಮೇಲೆ ಪಿನಿಯನ್ ಯೋಕನ್ನು ಹಿಡಿದು ಮೇಲೆ-ಕೆಳಗೆ, ಹಿಂದೆ-ಮುಂದೆ ಅಲ್ಲಾಡಿಸಿ. ಇಲ್ಲಿ ಆಟ ಶೂನ್ಯವಿರಬೇಕು. ತಿರುಗಿಸಿದಾಗ ಅಂಚಿನಲ್ಲಿ ತುಸು ಸಡಿಲಿದ್ದರೆ ಅದು ಹಲ್ಲುಗಳ ನಡುವಿನ ಸಹಜ ಆಟ.

ಹಂತ 10: ಬಿಚ್ಚಲೇಬೇಕಾದಾಗ

ಇಲ್ಲಿಯವರೆಗಿನ ಪರೀಕ್ಷೆಗಳು ಒಳಕ್ಕೇ ಬೊಟ್ಟು ಮಾಡಿದರೆ ಮಾತ್ರ ಈ ಹಂತ. ಡಯಲ್ ಗೇಜ್ ಇಟ್ಟು ಸೆಟ್ಟಿಂಗ್ ಮಾಡುವ ಮಿಸ್ತ್ರಿಯನ್ನೇ ಹುಡುಕಿ, ‘ಕೈ ಅಂದಾಜಿನಲ್ಲಿ ಸಾಕು’ ಎನ್ನುವವರು ಬೇಡ. ಹಲ್ಲುಗಳ ನಡುವಿನ ಆಟ ಈ ಆಕ್ಸಲ್‌ಗಳಲ್ಲಿ ಸುಮಾರು 0.10ರಿಂದ 0.23 ಮಿ.ಮೀ. ಅದನ್ನು ಕಣ್ಣಳತೆಯಲ್ಲಿ ಹಿಡಿಯಲಾಗದು.

ಬಿಚ್ಚುವ ಮೊದಲೇ ಹಲ್ಲಿಗೆ ಬಣ್ಣ ಸವರಿ ತಿರುಗಿಸಿ, ಹಲ್ಲು ಎಲ್ಲಿ ಕಚ್ಚುತ್ತಿದೆ ಎಂದು ಫೋಟೋ ತೆಗೆಸಿ. ಸೈಡ್ ಬೇರಿಂಗಿನ ಕ್ಯಾಪುಗಳಿಗೆ ಪಂಚ್ ಗುರುತು ಹಾಕಿಸಿ, ಅವು ಅದಲುಬದಲಾಗಬಾರದು. ಕ್ರೌನ್ ಮಾತ್ರ, ಅಥವಾ ಪಿನಿಯನ್ ಮಾತ್ರ ಬದಲಿಸುವುದು ದುಡ್ಡು ಉಳಿಸುವ ಲೆಕ್ಕವಲ್ಲ. ಅವೆರಡೂ ಕಾರ್ಖಾನೆಯಲ್ಲಿ ಜೋಡಿಯಾಗಿಯೇ ತಯಾರಾಗಿರುತ್ತವೆ, ಎರಡರ ಮೇಲೂ ಒಂದೇ ಜೋಡಿ ಸಂಖ್ಯೆ ಇದೆಯೇ ನೋಡಿ ಕೊಳ್ಳಿ. ಬೇರಿಂಗ್ ಮಾತ್ರ ಹೋಗಿ ಹಲ್ಲು ಚೆನ್ನಾಗಿದ್ದರೆ ಹಳೆಯ ಜೋಡಿಯನ್ನೇ ಉಳಿಸಿಕೊಳ್ಳಿ, ಮೂಲ ಶಿಮ್‌ಗಳಿಂದಲೇ ಸೆಟ್ಟಿಂಗ್ ಶುರುವಾಗಲಿ.

ಹೊಸ ಜೋಡಿ ಕೂರಿಸಿದ ಮೇಲೆ ಮೊದಲ ದಿನ ಮೂಟೆ, ಟ್ರೇಲರ್ ಯಾವುದೂ ಬೇಡ. 15-20 ಕಿ.ಮೀ. ನಿಧಾನವಾಗಿ ಓಡಿಸಿ, ನಿಲ್ಲಿಸಿ, ಪಿನಿಯನ್ ಮೂತಿಗೆ ಕೈ ಹತ್ತಿರ ತನ್ನಿ. ಬಿಸಿಯಾಗಿರುವುದು ಸರಿ, ಒಂದು ಹನಿ ನೀರು ಬಿದ್ದರೆ ‘ಚುಂಯ್’ ಎನ್ನುವಷ್ಟು ಕಾದಿದ್ದರೆ ಬೇರಿಂಗ್ ಅತಿಬಿಗಿಯಾಗಿದೆ, ಅಲ್ಲಿಂದಲೇ ವಾಪಸ್ ತಿರುಗಿ. ಅಷ್ಟು ಕಾದಿರದಿದ್ದರೆ, ಪೂರ್ತಿ ತಣ್ಣಗಾದ ಮೇಲೆ ಮತ್ತೆ ಹೊರಡಿ. 500 ಕಿ.ಮೀ. ಆದಾಗ ಆ ಎಣ್ಣೆ ಚೆಲ್ಲಿ ಹೊಸದು ತುಂಬಿ, ಅದೇ ದಿನ ಎರಡೂ ಹಬ್ ನಟ್‌ಗಳಿಗೆ ಟಾರ್ಕ್ ರೆಂಚ್ ಹಾಕಿ, ಸ್ಪ್ಲಿಟ್ ಪಿನ್ ಹೊಸದು ಹಾಕಿ.